ಐದು ಕಿಲೋಮೀಟರಿಗೆ ಇನ್ನೂರು, ನಲವತ್ತಕ್ಕೆ ಸೊನ್ನೆ: ಕೊಡಗಿನಲ್ಲಿ ಶಕ್ತಿ ಬಸ್ ಪ್ರಯಾಣ

ನಮ್ಮ ಅವ್ವನಿಗೆ ಎಪ್ಪತ್ತೊಂದು ವರ್ಷ. ಕಳೆದ ಜನವರಿಯ ಒಂದು ಬೆಳಿಗ್ಗೆ ಅವರು ಕೊಟ್ಟಿಗೆ ಕೆಲಸ ಮುಗಿಸಿ, ಸೀರೆ ಬದಲಾಯಿಸಿ, ಒಂದು ಚೀಲದಲ್ಲಿ ನಾಲ್ಕು ಕಿತ್ತಳೆ ಹಾಕಿಕೊಂಡು, ಮನೆಯಲ್ಲಿ ಯಾರಿಗೂ ಹೇಳದೆ ಸುಳ್ಯದಲ್ಲಿರುವ ತಮ್ಮ ತಂಗಿಯ ಮನೆಗೆ ಹೋಗಿ, ಊಟ ಮಾಡಿ, ಕತ್ತಲಾಗುವುದರೊಳಗೆ ಮರಳಿದರು. ಅಣ್ಣ ಗಾಬರಿಯಾಗಿ ಮಡಿಕೇರಿಯಲ್ಲಿರುವ ನನಗೆ ಎರಡು ಸಲ ಫೋನ್ ಮಾಡಿದ್ದ. ಸಂಜೆ ನಾನು ವಿಚಾರಿಸಿದಾಗ ಅವ್ವ ಕೊಟ್ಟ ಉತ್ತರ ಇಷ್ಟೇ: ಯಾರ ಹತ್ತಿರವೂ ದುಡ್ಡು ಕೇಳುವುದಿರಲಿಲ್ಲ, ಹಾಗಾಗಿ ಹೇಳುವುದೂ ನೆನಪಾಗಲಿಲ್ಲ. ಕರ್ನಾಟಕ ಸರ್ಕಾರದ ಶಕ್ತಿ ಯೋಜನೆಯಡಿ ಕೊಡಗಿನ ರಸ್ತೆಗಳಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಓಡಾಡಿದ ಮೇಲೆ ಆ ಸೇವೆಯ ಬಗ್ಗೆ ಬರೆಯಲು ಕೂತಾಗ ನನಗೆ ಮೊದಲು ನೆನಪಾದದ್ದು ಈ ಮಾತು.

ಗೊತ್ತಿಲ್ಲದವರು ಕಡಿಮೆ, ಆದರೂ ಸೇವೆಯ ಸ್ವರೂಪವನ್ನು ಒಮ್ಮೆ ಹೇಳಿಬಿಡುತ್ತೇನೆ. 2023ರ ಜೂನ್ 11ರಂದು ಆರಂಭವಾದ ಈ ಯೋಜನೆಯಲ್ಲಿ ಕರ್ನಾಟಕದ ನಿವಾಸಿಗಳಾದ ಮಹಿಳೆಯರು ಮತ್ತು ಲಿಂಗತ್ವ ಅಲ್ಪಸಂಖ್ಯಾತರು ಸರ್ಕಾರಿ ಸಾರಿಗೆಯ ಸಾಮಾನ್ಯ ಹಾಗೂ ವೇಗದೂತ ಬಸ್ಸುಗಳಲ್ಲಿ ರಾಜ್ಯದೊಳಗೆ ಉಚಿತವಾಗಿ ಪ್ರಯಾಣಿಸಬಹುದು. ರಾಜಹಂಸ, ಸ್ಲೀಪರ್, ಹವಾನಿಯಂತ್ರಿತ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿದರೆ ಕಂಡಕ್ಟರ್ ಯಂತ್ರದಿಂದ ಸೊನ್ನೆ ದರದ ಟಿಕೆಟ್ ಹರಿದುಕೊಡುತ್ತಾರೆ. ಉಚಿತವೆಂದ ಮೇಲೆ ಚೀಟಿ ಏಕೆಂದು ಮೊದಮೊದಲು ಎಷ್ಟೋ ಹೆಂಗಸರು ಅದನ್ನು ತೆಗೆದುಕೊಳ್ಳುತ್ತಲೇ ಇರಲಿಲ್ಲ. ಆದರೆ ಆ ಚೀಟಿಗಳ ಲೆಕ್ಕದ ಮೇಲೆಯೇ ಸರ್ಕಾರ ಸಾರಿಗೆ ನಿಗಮಗಳಿಗೆ ಹಣ ತುಂಬಿಕೊಡಬೇಕಾಗಿರುವುದರಿಂದ, ಚೀಟಿ ಇಲ್ಲದೆ ಕೂತ ಹೆಂಗಸು ಲೆಕ್ಕದಲ್ಲಿ ಬಸ್ಸನ್ನೇ ಹತ್ತಿಲ್ಲ. ಇಂಥ ಯೋಜನೆಯಲ್ಲಿ ನಮ್ಮ ರಾಜ್ಯ ಮೊದಲನೆಯದೇನೂ ಅಲ್ಲ. ದೆಹಲಿ 2019ರಲ್ಲಿ, ತಮಿಳುನಾಡು 2021ರಲ್ಲಿ ಇದನ್ನು ಆರಂಭಿಸಿದ್ದವು. 2025ರ ಜುಲೈ ಹೊತ್ತಿಗೆ ಕರ್ನಾಟಕದಲ್ಲಿ ಕೊಟ್ಟ ಸೊನ್ನೆ ಟಿಕೆಟ್‌ಗಳ ಸಂಖ್ಯೆ 500 ಕೋಟಿ ದಾಟಿತು.

ನಾನು ಮಡಿಕೇರಿಯಿಂದ ಕುಶಾಲನಗರದ ಕಚೇರಿಯೊಂದಕ್ಕೆ ದಿನವೂ ಹೋಗಿಬರುವವಳು. ಸುಮಾರು ಮೂವತ್ತು ಕಿಲೋಮೀಟರ್ ದಾರಿ, ಸುಂಟಿಕೊಪ್ಪದ ತನಕ ತಿರುವುಗಳು, ಆಮೇಲೆ ಸಲೀಸು. ಈ ಹೆದ್ದಾರಿಯಲ್ಲಿ ಸೇವೆಯನ್ನು ಅಳೆದರೆ ಒಳ್ಳೆಯ ಅಂಕವನ್ನೇ ಕೊಡಬೇಕು. ಮೈಸೂರು ಕಡೆಗೆ ಬೆಳಗಿನಿಂದ ರಾತ್ರಿಯವರೆಗೂ ಬಸ್ಸುಗಳಿವೆ, ಒಂದು ತಪ್ಪಿದರೆ ಇನ್ನೊಂದು ಸಿಗುತ್ತದೆ. ಕುಶಾಲನಗರದ ಮಂಗಳವಾರದ ಸಂತೆ, ಮಡಿಕೇರಿಯ ಶುಕ್ರವಾರದ ಸಂತೆ ಇರುವ ದಿನಗಳಲ್ಲಿ ಮಾತ್ರ ಕಾಲಿಡಲು ಜಾಗವಿರುವುದಿಲ್ಲ, ಸೊಪ್ಪಿನ ಚೀಲ, ಒಣಮೀನಿನ ಪೊಟ್ಟಣ, ಮಕ್ಕಳು, ಕೊಡೆ ಎಲ್ಲವೂ ಒಂದರ ಮೇಲೊಂದು. ಈಚೆಗೆ ಬಂದ ಹೊಸ ಬಸ್ಸುಗಳ ಸೀಟು ಚೆನ್ನಾಗಿದೆ. ಹಳೆಯವುಗಳಲ್ಲಿ ಮಳೆಗಾಲದಲ್ಲಿ ಕಿಟಕಿಯ ಪಕ್ಕ ಕೂರುವವರು ಬಸ್ಸಿನೊಳಗೂ ಕೊಡೆ ಬಿಚ್ಚಬೇಕೇ ಎಂದು ಯೋಚಿಸುವಂತಾಗುತ್ತದೆ. ತಿಂಗಳಿಗೆ ನನಗೆ ಎರಡು ಸಾವಿರದ ಆಸುಪಾಸು ಉಳಿಯುತ್ತಿದೆ.

ಆದರೆ ಉಳಿದ ಹಣದಿಂದ ನಾನು ಹೆಚ್ಚು ಸುಖಿಯಾದೆನೇ ಎಂದು ಕೇಳಿದರೆ, ಮೊದಲ ಮೂರು ತಿಂಗಳು ಹೌದು, ಈಗ ಅಷ್ಟಿಲ್ಲ. ಉಳಿತಾಯವನ್ನು ಮನಸ್ಸು ಬೇಗ ಮರೆಯುತ್ತದೆ. ಆ ಎರಡು ಸಾವಿರ ಯಾವಾಗಲೋ ಗ್ಯಾಸ್, ತರಕಾರಿ, ಮಗನ ಟ್ಯೂಷನ್ನಿನೊಳಗೆ ಕರಗಿಹೋಯಿತು. ಅವ್ವನ ವಿಷಯ ಬೇರೆ. ಗೃಹಲಕ್ಷ್ಮಿ ಯೋಜನೆಯ 2000 ರೂಪಾಯಿ ಅವರ ಖಾತೆಗೇ ಬರುತ್ತದೆ. ಬಂದ ವಾರದೊಳಗೆ ಅದು ಹಸುವಿನ ಹಿಂಡಿಗೋ, ಮೊಮ್ಮಗನ ಬೂಟಿಗೋ, ತೋಟದ ಮದ್ದಿಗೋ ಹೋಗಿರುತ್ತದೆ. ಯಾರೂ ಕಿತ್ತುಕೊಳ್ಳುವುದಿಲ್ಲ, ಅವ್ವನೇ ಕೊಡುತ್ತಾರೆ, ಏಕೆಂದರೆ ಮನೆಯಲ್ಲಿ ಅಗತ್ಯ ಕಾಣುತ್ತಿರುವಾಗ ಕೈಯಲ್ಲಿ ದುಡ್ಡಿಟ್ಟುಕೊಂಡು ಕೂರುವುದು ಅವರ ತಲೆಮಾರಿನ ಹೆಂಗಸರಿಗೆ ಬರುವುದಿಲ್ಲ. ಬಸ್ಸಿನ ಸೀಟನ್ನು ಹಾಗೆ ಇನ್ನೊಬ್ಬರಿಗೆ ಕೊಡಲು ಆಗುವುದಿಲ್ಲ. ಅದನ್ನು ಹಿಂಡಿಯಾಗಿ ಮಾಡಲು ಸಾಧ್ಯವಿಲ್ಲ, ಡಬ್ಬಿಯಲ್ಲಿ ಕೂಡಿಡಲೂ ಸಾಧ್ಯವಿಲ್ಲ. ಅವ್ವನೇ ಹೋಗಿ ಕೂತರೆ ಮಾತ್ರ ಅದಕ್ಕೆ ಬೆಲೆ. ಹೀಗೆ ಮನೆಯೊಳಗೆ ಹಂಚಿಹೋಗಲಾಗದ ಸೌಲಭ್ಯವೊಂದು ಹೆಂಗಸಿನ ಹೆಸರಿನಲ್ಲಿ ಬಂದು ನಿಜಕ್ಕೂ ಆ ಹೆಂಗಸಿಗೇ ತಲುಪಿತು. ಯೋಜನೆ ರೂಪಿಸಿದವರು ಇದನ್ನು ಇಷ್ಟು ಬಿಡಿಸಿ ಯೋಚಿಸಿದ್ದರೋ ಇಲ್ಲವೋ, ಫಲವಂತೂ ಇದೇ ಆಗಿದೆ.

ಸರ್ಕಾರದ ನೀತಿಯಿಂದ ಜನರ ಸುಖ ಹೆಚ್ಚುತ್ತದೆಯೇ ಎಂಬ ಪ್ರಶ್ನೆಯನ್ನು ಅಳತೆಗೆ ಒಳಪಡಿಸುವ ಪ್ರಯತ್ನ ಜಗತ್ತಿನಲ್ಲಿ ನಡೆದೇ ಇದೆ. ನೆರೆಯ ಭೂತಾನ್ 2008ರ ತನ್ನ ಸಂವಿಧಾನದಲ್ಲಿಯೇ ರಾಷ್ಟ್ರೀಯ ಸಂತೋಷವನ್ನು ರಾಜ್ಯದ ಗುರಿಯಾಗಿ ಬರೆದುಕೊಂಡಿದೆ. 2012ರಿಂದ ಬರುತ್ತಿರುವ ವಿಶ್ವ ಸಂತೋಷ ವರದಿಯಲ್ಲಿ ಜನರನ್ನು ಒಂದು ಏಣಿ ಊಹಿಸಿಕೊಳ್ಳಲು ಹೇಳುತ್ತಾರೆ: ತೀರಾ ಕೆಟ್ಟ ಬದುಕು ಸೊನ್ನೆಯ ಮೆಟ್ಟಿಲು, ಅತ್ಯುತ್ತಮ ಬದುಕು ಹತ್ತನೆಯದು, ನೀವು ಯಾವ ಮೆಟ್ಟಿಲಲ್ಲಿ ನಿಂತಿದ್ದೀರಿ? ಒಂದು ದೇಶದಲ್ಲಿ ವರ್ಷಕ್ಕೆ ಸಾಮಾನ್ಯವಾಗಿ ಸಾವಿರದಷ್ಟು ಜನರನ್ನು ಕೇಳಿ, ಮೂರು ವರ್ಷಗಳ ಸರಾಸರಿ ತೆಗೆದು ಪಟ್ಟಿ ಮಾಡುತ್ತಾರೆ. 2025ರ ಪಟ್ಟಿಯಲ್ಲಿ ಫಿನ್‌ಲೆಂಡ್ ಸತತ ಎಂಟನೇ ವರ್ಷ ಮೊದಲ ಸ್ಥಾನದಲ್ಲಿತ್ತು, ಭಾರತ 118ನೆಯದು. ಆ ಸಾವಿರ ಜನರಲ್ಲಿ ಕೊಡಗಿನವರು ಒಬ್ಬರಾದರೂ ಇರುವ ಸಂಭವ ಎಷ್ಟು ಎಂದು ಓದುಗರೇ ಊಹಿಸಬಹುದು. ನಾನು ತಮಾಷೆಗೆ ಅವ್ವನನ್ನು ಈ ಏಣಿಯ ಪ್ರಶ್ನೆ ಕೇಳಿದೆ. ಕರಿಮೆಣಸು ಕೊಯ್ಯುವ ಏಣಿಯ ಹೊರತು ಬೇರೆ ಏಣಿ ಕಾಣದ ಅವರು, ಏಣಿ ಹತ್ತುವ ವಯಸ್ಸು ದಾಟಿತು, ಬಸ್ಸಿನ ಮೆಟ್ಟಿಲು ಹತ್ತಿದರೆ ಸಾಕಾಗಿದೆ ಎಂದರು.

ದೇಶದೇಶಗಳ ನಡುವಿನ ವ್ಯತ್ಯಾಸವನ್ನು ವಿವರಿಸಲು ಆ ವರದಿ ಬಳಸುವ ಆರು ಸಂಗತಿಗಳಲ್ಲಿ ತಲಾ ಆದಾಯ, ಆರೋಗ್ಯವಂತ ಆಯುಷ್ಯ, ಕಷ್ಟಕ್ಕಾಗುವ ಜನ, ದಾನಗುಣ, ಭ್ರಷ್ಟಾಚಾರದ ಬಗೆಗಿನ ಭಾವನೆ ಇವುಗಳ ಜೊತೆಗೆ ತನ್ನ ಬದುಕಿನ ನಿರ್ಧಾರವನ್ನು ತಾನೇ ಮಾಡುವ ಸ್ವಾತಂತ್ರ್ಯವೂ ಒಂದು. ಅವ್ವನ ಸುಳ್ಯ ಪ್ರಯಾಣ ನನಗೆ ಅರ್ಥವಾದದ್ದು ಈ ಕೊನೆಯದರ ಬೆಳಕಿನಲ್ಲಿ. ಟಿಕೆಟಿನ ದುಡ್ಡನ್ನು ಅಣ್ಣ ಯಾವತ್ತೂ ಇಲ್ಲವೆಂದವನಲ್ಲ. ಆದರೆ ಕೇಳಿದಾಗ ಏಕೆ, ಯಾವಾಗ ಬರುವುದು, ಮೊನ್ನೆ ತಾನೇ ಹೋಗಿದ್ದೆಯಲ್ಲ ಎಂಬ ಮೂರು ಪ್ರಶ್ನೆಗಳು ದುಡ್ಡಿನ ಜೊತೆಗೇ ಬರುತ್ತಿದ್ದವು. ಸೊನ್ನೆ ಟಿಕೆಟ್ ಆ ಮೂರು ಪ್ರಶ್ನೆಗಳನ್ನು ತೆಗೆದುಹಾಕಿತು. ಮಡಿಕೇರಿಯ ಜಿಲ್ಲಾಸ್ಪತ್ರೆಗೆ ರಕ್ತದೊತ್ತಡದ ಮಾತ್ರೆಗೆಂದು ಬರುವ ವಯಸ್ಸಾದ ಹೆಂಗಸರು ಈಗ ಮಗನ ಬಿಡುವಿಗೆ ಕಾಯದೆ ತಾವೇ ಇಬ್ಬಿಬ್ಬರಾಗಿ ಬರುವುದನ್ನು ನಾನು ಬಸ್ ನಿಲ್ದಾಣದಲ್ಲಿ ವಾರ ವಾರವೂ ನೋಡುತ್ತೇನೆ.

ಇಷ್ಟರವರೆಗೆ ಹೊಗಳಿದ್ದಾಯಿತು. ಇನ್ನು ಈ ಬರಹದ ತಲೆಬರಹಕ್ಕೆ ಬರುತ್ತೇನೆ.

ನಮ್ಮ ತವರು ಮನೆ ಇರುವುದು ಮಡಿಕೇರಿಯಿಂದ ಸಂಪಾಜೆ ಕಡೆಗೆ ಇಳಿಯುವ ಹೆದ್ದಾರಿಯಿಂದ ಐದು ಕಿಲೋಮೀಟರ್ ಒಳಗೆ. ಆ ಐದು ಕಿಲೋಮೀಟರಿನಲ್ಲಿ ಸರ್ಕಾರಿ ಬಸ್ಸು ಓಡುವುದಿಲ್ಲ. ಅಂದು ಅವ್ವ ಹೆದ್ದಾರಿಗೆ ಬರಲು ಬಾಡಿಗೆ ಜೀಪಿಗೆ ಇನ್ನೂರು ರೂಪಾಯಿ ಕೊಟ್ಟಿದ್ದರು; ಅದನ್ನು ಹಾಲಿನ ದುಡ್ಡಿನಿಂದ ಹೊಂದಿಸಿದ್ದರಂತೆ. ಅಲ್ಲಿಂದ ಸುಳ್ಯಕ್ಕೆ ನಲವತ್ತಕ್ಕೂ ಹೆಚ್ಚು ಕಿಲೋಮೀಟರ್, ಇಡೀ ಘಟ್ಟ ಇಳಿದು, ಜಿಲ್ಲೆ ದಾಟಿ, ಸೊನ್ನೆ ರೂಪಾಯಿ. ಬರುವಾಗ ಹೆದ್ದಾರಿಯಿಂದ ನಡೆದೇ ಮನೆ ಸೇರಿದರು, ಎಪ್ಪತ್ತೊಂದರ ಮೊಣಕಾಲಿನಲ್ಲಿ, ಏರುದಾರಿಯಲ್ಲಿ. ಹೆದ್ದಾರಿಯ ಪಕ್ಕದಲ್ಲಿಯೇ ಮನೆಯಿರುವ ಅವ್ವನ ಓರಗೆಯವರಿಗೆ ಈ ಯೋಜನೆ ಪೂರ್ತಿ ಉಚಿತ, ಐದು ಕಿಲೋಮೀಟರ್ ಒಳಗಿರುವವರಿಗೆ ಅರ್ಧ ಉಚಿತ, ಇನ್ನೂ ಒಳಗಿನ ಆದಿವಾಸಿ ಹಾಡಿಯವರಿಗೆ ಸುದ್ದಿ ಮಾತ್ರ. ಒಂದೇ ಆದೇಶ, ಒಂದೇ ಗ್ರಾಮ ಪಂಚಾಯಿತಿ, ಮೂರು ಬಗೆಯ ಸುಖ. ಯಾರಿಗೂ ಸಿಗದಿದ್ದಾಗ ಯಾರೂ ಕೊರಗುತ್ತಿರಲಿಲ್ಲ. ಪಕ್ಕದವರಿಗೆ ಸಿಕ್ಕ ಮೇಲೆ ಸಿಗದವರಿಗೆ ಹೊಸದೊಂದು ಕೊರಗು ಶುರುವಾಗಿದೆ.

ಇದಕ್ಕೆ ಯಾರನ್ನೋ ಬೈದು ಮುಗಿಸುವಂತಿಲ್ಲ, ಏಕೆಂದರೆ ಕಾರಣ ಅರ್ಧ ನಮ್ಮ ನೆಲದಲ್ಲೇ ಇದೆ. 2011ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ 5,54,519. ಚದರ ಕಿಲೋಮೀಟರಿಗೆ ಸುಮಾರು 135 ಜನ. ರಾಜ್ಯದ ಸರಾಸರಿ 319. ಬಯಲುಸೀಮೆಯಂತೆ ಮನೆಗೆ ಮನೆ ತಾಗಿದ ಊರು ಇಲ್ಲಿ ಇಲ್ಲ. ಕಾಫಿ ತೋಟದ ನಡುವೆ ಒಂದು ಮನೆ, ಗದ್ದೆಯಾಚೆ ಇನ್ನೊಂದು, ಗುಡ್ಡದ ಮೇಲೆ ತೋಟದ ಕಾರ್ಮಿಕರ ಲೈನ್ ಮನೆಗಳ ಒಂದು ಸಾಲು. ಒಂದು ಬಸ್ಸು ಐದು ಕಿಲೋಮೀಟರ್ ಒಳಗೆ ಹೋಗಿ ಬಂದರೂ ಹತ್ತು ಜನ ಸಿಕ್ಕರೆ ಹೆಚ್ಚು. ರೈಲುಮಾರ್ಗವಂತೂ ಜಿಲ್ಲೆಯಲ್ಲಿ ಇಲ್ಲವೇ ಇಲ್ಲ, ಹಾಗಾಗಿ ಬಸ್ಸು ತಪ್ಪಿದರೆ ಬೇರೆ ಸಾರ್ವಜನಿಕ ಸಾರಿಗೆ ಇಲ್ಲ. ಇದೇ ಜನಗಣತಿ ಹೇಳುವ ಇನ್ನೊಂದು ಸಂಗತಿಯೆಂದರೆ ಕೊಡಗಿನಲ್ಲಿ 1000 ಪುರುಷರಿಗೆ 1019 ಮಹಿಳೆಯರಿದ್ದಾರೆ. ಹೆಂಗಸರೇ ಹೆಚ್ಚಿರುವ ಜಿಲ್ಲೆಯಲ್ಲಿ ಹೆಂಗಸರ ಯೋಜನೆಯ ಬಸ್ಸು ಹೆದ್ದಾರಿಯಲ್ಲೇ ನಿಂತುಬಿಡುವುದು ಸಣ್ಣ ವಿಷಯವಲ್ಲ. ಟಿಕೆಟಿನ ಬೆಲೆ ಇಳಿಸಲು ಒಂದು ಆದೇಶ ಸಾಕು. ಬಸ್ಸು, ಚಾಲಕ, ನಿರ್ವಾಹಕ, ಬಸ್ಸು ತಿರುಗುವಷ್ಟು ಅಗಲದ ರಸ್ತೆ ಇವೆಲ್ಲ ಆದೇಶದಿಂದ ಹುಟ್ಟುವುದಿಲ್ಲ. ಮಡಿಕೇರಿ ಡಿಪೋ ಘಟ್ಟದ ಕೆಳಗಿನ ಪುತ್ತೂರು ವಿಭಾಗಕ್ಕೆ ಸೇರಿದೆ. ಕೊಡಗಿಗೇ ಒಂದು ಪ್ರತ್ಯೇಕ ವಿಭಾಗವಿದ್ದಿದ್ದರೆ ಒಳರಸ್ತೆಗಳ ಲೆಕ್ಕಾಚಾರ ಬೇರೆಯಾಗುತ್ತಿತ್ತೇನೋ ಎಂದು ನನಗೆ ಅನಿಸುತ್ತದೆ.

ಒಳರಸ್ತೆಗಳಲ್ಲಿ ಇಷ್ಟು ವರ್ಷ ನಮ್ಮನ್ನು ಹೊತ್ತದ್ದು ಖಾಸಗಿ ಬಸ್ಸುಗಳು. ಇದನ್ನು ಹೇಳದೆ ಕೊಡಗಿನ ಬಸ್ ಸೇವೆಯ ವಿಮರ್ಶೆ ಬರೆದರೆ ಅನ್ಯಾಯವಾಗುತ್ತದೆ. ಖಾಸಗಿ ಬಸ್ಸಿನ ಕಂಡಕ್ಟರಿಗೆ ಯಾರ ಮನೆಯ ಗೇಟು ಯಾವುದೆಂದು ಗೊತ್ತಿರುತ್ತದೆ. ಪೇಟೆಯಿಂದ ಔಷಧದ ಪೊಟ್ಟಣ, ಪಂಪ್‌ಸೆಟ್ಟಿನ ಬಿಡಿಭಾಗ, ಮದುವೆಯ ಕರೆಯೋಲೆ, ಬೆಳಗಿನ ಪೇಪರು ಎಲ್ಲವೂ ಅವರ ಕೈಯಿಂದಲೇ ಬರುತ್ತದೆ. ಮಳೆಗಾಲದಲ್ಲಿ ಮರ ಬಿದ್ದು ದಾರಿ ಕಟ್ಟಿದರೆ ಚಾಲಕನೇ ಕತ್ತಿ ಹಿಡಿದು ಇಳಿಯುತ್ತಾನೆ. ಇಂಥ ಬಸ್ಸುಗಳ ಆದಾಯ ಬರುತ್ತಿದ್ದುದು ಒಳದಾರಿಯ ಹತ್ತು ಜನರಿಂದಲ್ಲ, ಹೆದ್ದಾರಿಗೆ ಬಂದ ಮೇಲೆ ಹತ್ತುತ್ತಿದ್ದ ಮೂವತ್ತು ಜನರಿಂದ. ಆ ಮೂವತ್ತರಲ್ಲಿ ಹೆಂಗಸರು ಈಗ ಹಿಂದೆ ಬರುವ ಸರ್ಕಾರಿ ಬಸ್ಸಿಗೆ ಕಾಯುತ್ತಾರೆ. ನಾನೂ ಹಾಗೆಯೇ ಕಾಯುವವಳು, ಆದ್ದರಿಂದ ಈ ಪಾಪದಲ್ಲಿ ನನ್ನ ಪಾಲೂ ಇದೆ. ನಮ್ಮ ಊರಿಗೆ ಸಂಜೆ ಬರುತ್ತಿದ್ದ ಖಾಸಗಿ ಬಸ್ಸು ಕಳೆದ ವರ್ಷದಿಂದ ಬರುತ್ತಿಲ್ಲ. ಡೀಸೆಲ್ ಬೆಲೆ, ಚಾಲಕರ ಕೊರತೆ, ಮನೆಮನೆಗೂ ಬಂದ ಸ್ಕೂಟರ್, ಹೀಗೆ ಕಾರಣ ಹಲವು ಇರಬಹುದು. ಆದರೆ ಹೆದ್ದಾರಿಯ ಹೆಂಗಸರಿಗೆ ಸಿಕ್ಕ ಉಚಿತ ಪ್ರಯಾಣದ ಬೆಲೆಯಲ್ಲಿ ಒಂದಂಶವನ್ನು ಒಳಗಿನ ಹೆಂಗಸರು ಜೀಪಿನ ಬಾಡಿಗೆಯಾಗಿ ಕಟ್ಟುತ್ತಿದ್ದಾರೆ ಎಂಬ ಅನುಮಾನ ನನಗೆ ಬಲವಾಗಿಯೇ ಇದೆ. ಖಾಸಗಿ ಬಸ್ಸು ಮಾತ್ರ ಓಡುವ ದಾರಿಗಳಲ್ಲಿ ಅದರ ಹೆಂಗಸರ ಟಿಕೆಟನ್ನೂ ಸರ್ಕಾರವೇ ಭರಿಸುವ ಏರ್ಪಾಡು ಮಾಡಬಹುದಿತ್ತು. ಲೆಕ್ಕ ಇಡುವುದು ಕಷ್ಟವೆನ್ನುವವರು ಅದೇ ಟಿಕೆಟ್ ಯಂತ್ರವನ್ನು ಖಾಸಗಿ ಕಂಡಕ್ಟರನ ಕೊರಳಿಗೂ ಹಾಕಬಹುದೆಂದು ಯೋಚಿಸಲಿ.

ಪ್ರಯಾಣಕ್ಕೂ ಸುಖಕ್ಕೂ ಇರುವ ಸಂಬಂಧವನ್ನು ವಿದ್ವಾಂಸರು ಬಿಡಿಸಿ ನೋಡಿದ್ದಾರೆ. ಅರ್ಥಶಾಸ್ತ್ರದ ನೊಬೆಲ್ ಪಡೆದ ಮನೋವಿಜ್ಞಾನಿ ಡೇನಿಯಲ್ ಕಾಹ್ನೆಮನ್ ಮತ್ತು ಸಂಗಡಿಗರು ಅಮೆರಿಕದ ಟೆಕ್ಸಾಸ್‌ನಲ್ಲಿ 909 ಉದ್ಯೋಗಸ್ಥ ಮಹಿಳೆಯರಿಂದ ಅವರ ಹಿಂದಿನ ದಿನದ ಒಂದೊಂದು ಗಳಿಗೆಯನ್ನೂ ನೆನಪಿಸಿಕೊಂಡು ಬರೆಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದಿನದ ಅತ್ಯಂತ ಬೇಸರದ ಹೊತ್ತುಗಳ ಸಾಲಿನಲ್ಲಿ ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿ ನಿಂತಿತು. ಅಡುಗೆ, ಮನೆಗೆಲಸಕ್ಕಿಂತಲೂ ಅದು ಕೆಳಗಿತ್ತು. ಟೆಕ್ಸಾಸ್‌ನ ಕಾರಿಗೂ ಸುಂಟಿಕೊಪ್ಪದ ತಿರುವಿಗೂ ಹೋಲಿಕೆ ಇಲ್ಲವೆನ್ನಬಹುದು. ಆದರೂ ನನ್ನ ಅನುಭವ ಇದಕ್ಕೆ ಒಂದು ಮಾತು ಸೇರಿಸುತ್ತದೆ: ಬೇಸರ ಇರುವುದು ಪ್ರಯಾಣದಲ್ಲಿ ಅಲ್ಲ, ಕಾಯುವುದರಲ್ಲಿ. ಸೀಟು ಸಿಗದೆ ನಿಂತು ಹೋದ ದಿನ ನಾನು ಕಚೇರಿ ಸೇರುವಷ್ಟರಲ್ಲಿ ಅದನ್ನು ಮರೆತಿರುತ್ತೇನೆ. ಕಳೆದ ಜುಲೈಯಲ್ಲಿ ಒಂದು ಸಂಜೆ, ತಂಗುದಾಣವಿಲ್ಲದ ಒಂದು ನಿಲುಗಡೆಯಲ್ಲಿ, ಕೈ ತೋರಿಸಿದರೂ ಬಸ್ಸೊಂದು ನಿಲ್ಲದೆ ನೀರು ಹಾರಿಸಿಕೊಂಡು ಹೋಯಿತು. ಯಾರ ಬಸ್ಸೆಂದು ಬರೆಯುವುದಿಲ್ಲ. ಆಮೇಲೆ ಮುಕ್ಕಾಲು ಗಂಟೆ ಆ ಮಳೆಯಲ್ಲಿ ನಿಂತದ್ದು ಇಂದಿಗೂ ಮೈಗೆ ನೆನಪಿದೆ. ಎರಡು ವರ್ಷದ ಸೊನ್ನೆ ಟಿಕೆಟ್‌ಗಳಿಗೆ ಮನಸ್ಸು ಒಗ್ಗಿಹೋಯಿತು, ಆ ಮುಕ್ಕಾಲು ಗಂಟೆಗೆ ಒಗ್ಗಲಿಲ್ಲ. ಒಂದೇ ರೂಪಾಯಿಯನ್ನು ಟಿಕೆಟ್ ಇಳಿಸಲು ಹಾಕುವುದೋ, ಬಸ್ಸು ಹೇಳಿದ ಹೊತ್ತಿಗೆ ಬರುವಂತೆ ಮಾಡಲು ಹಾಕುವುದೋ ಎಂದು ನನ್ನನ್ನು ಕೇಳಿದರೆ ಎರಡನೆಯದೆನ್ನುತ್ತೇನೆ. ಅವ್ವನನ್ನು ಕೇಳಿದರೆ ಮೊದಲನೆಯದೆನ್ನುತ್ತಾರೆ. ಸಂಬಳದ ಕೈಗೂ ಸಂಬಳವಿಲ್ಲದ ಕೈಗೂ ಸುಖದ ಲೆಕ್ಕ ಬೇರೆ ಎಂಬುದನ್ನು ಒಪ್ಪಿಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಗಂಡಸರ ದೂರನ್ನೂ ದಾಖಲಿಸಬೇಕು. ಸಾಮಾನ್ಯ ಬಸ್ಸುಗಳಲ್ಲಿ ಅರ್ಧ ಸೀಟು ಪುರುಷರಿಗೆಂದು ನಿಯಮವಿದ್ದರೂ ಸಂತೆಯ ದಿನ ಯಾವ ನಿಯಮವೂ ನಿಲ್ಲುವುದಿಲ್ಲ. 2025ರ ಜನವರಿ 5ರಿಂದ ಬಸ್ ದರ ಶೇಕಡಾ 15 ಏರಿತು. ಟಿಕೆಟ್ ಕೊಳ್ಳುವವರು ಹೆಚ್ಚಾಗಿ ಗಂಡಸರೇ ಆದ್ದರಿಂದ ಏರಿಕೆಯ ಬಿಸಿಯೂ ಅವರಿಗೇ ತಟ್ಟಿತು. ನಮ್ಮ ಮನೆಯವರು ಸಂತೆಗೆ ನನ್ನನ್ನೇ ಕಳಿಸಿ ಇದಕ್ಕೆ ಪರಿಹಾರ ಕಂಡುಕೊಂಡಿದ್ದಾರೆ.

ಇದಕ್ಕಿಂತ ಗಂಭೀರವಾದದ್ದು ತೋಟದ ಕೆಲಸದ ಹೆಂಗಸರ ವಿಷಯ. ಕೊಡಗಿನ ತೋಟಗಳಲ್ಲಿ ಈಗ ಅಸ್ಸಾಂ ಮೊದಲಾದ ರಾಜ್ಯಗಳಿಂದ ಬಂದ ಕುಟುಂಬಗಳು ಬಹಳ. ಅವರ ಆಧಾರ್ ಕಾರ್ಡಿನಲ್ಲಿ ಅವರ ಊರಿನ ವಿಳಾಸವೇ ಇರುವುದರಿಂದ ಅವರು ಪೂರ್ತಿ ದರ ಕೊಡಬೇಕು. ರಾಜ್ಯದ ತೆರಿಗೆಯ ಹಣದ ಯೋಜನೆಗೆ ರಾಜ್ಯದ ನಿವಾಸಿಯಾಗಿರಬೇಕೆನ್ನುವುದರಲ್ಲಿ ತರ್ಕವಿದೆ, ನಾನು ಅಲ್ಲಗಳೆಯುವುದಿಲ್ಲ. ಆದರೆ ಒಂದೇ ಗಿಡದ ಕಾಫಿ ಕೊಯ್ದು, ಒಂದೇ ಸಂತೆಯಲ್ಲಿ ಒಂದೇ ಈರುಳ್ಳಿ ಕೊಂಡು, ಒಂದೇ ಸೀಟಿನಲ್ಲಿ ಅಕ್ಕಪಕ್ಕ ಕೂತ ಇಬ್ಬರಲ್ಲಿ ಒಬ್ಬಳು ಸೊಂಟದ ಚೀಲ ಬಿಚ್ಚಿ ನೋಟು ಎಣಿಸುವಾಗ ಇನ್ನೊಬ್ಬಳು ಕಿಟಕಿಯ ಕಡೆ ತಿರುಗಿಕೊಳ್ಳುವುದನ್ನು ನಾನು ನೋಡಿದ್ದೇನೆ. ವರ್ಷಗಟ್ಟಲೆ ಇಲ್ಲೇ ದುಡಿಯುವವರಿಗೆ ತೋಟದ ಮಾಲೀಕರ ದೃಢೀಕರಣದ ಮೇಲೆ ಒಂದು ಪಾಸು ಕೊಟ್ಟರೆ ಖಜಾನೆ ಬರಿದಾಗಲಾರದು.

ಮಳೆಗಾಲದ ಬಗ್ಗೆ ಒಂದು ಮಾತು. 2018ರ ಆಗಸ್ಟಿನಲ್ಲಿ ಜೋಡುಪಾಲದ ಕಡೆ ಗುಡ್ಡ ಕುಸಿದು ನಮ್ಮ ತವರಿನ ಕಡೆಯ ಸಂಪಾಜೆ ಹೆದ್ದಾರಿ ಮುಚ್ಚಿದಾಗ ಬಸ್ಸಿಲ್ಲದ ದಿನಗಳು ಹೇಗಿರುತ್ತವೆಂದು ನಾವು ಕಂಡಿದ್ದೇವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಸೇವೆಗೆ ಯಾರೂ ಅಂಕ ಕೊಡಲು ಹೋಗಬಾರದು. ಬಸ್ಸು ಬಂದರೆ ಅದೇ ದೊಡ್ಡದು.

ಹೋಗುವವರಿಗೆ ಉಪಯೋಗಕ್ಕೆ ಬರಲೆಂದು ಇನ್ನೆರಡು ವಿಷಯ. ಗುರುತಿನ ಚೀಟಿಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟುಕೊಳ್ಳಿ, ನಮ್ಮ ಮಳೆಗೆ ಕಾಗದದ ಪ್ರತಿ ಎರಡು ತಿಂಗಳೂ ಬಾಳುವುದಿಲ್ಲ. ಸೊನ್ನೆಯಾದರೂ ಟಿಕೆಟನ್ನು ಇಳಿಯುವ ತನಕ ಎಸೆಯಬೇಡಿ, ತನಿಖೆಯವರು ಹತ್ತಿದರೆ ಅದನ್ನೇ ಕೇಳುತ್ತಾರೆ. ಅವ್ವ ತಮ್ಮ ಟಿಕೆಟ್‌ಗಳನ್ನು ಇಳಿದ ಮೇಲೂ ಎಸೆಯದೆ ಗೋಡೆಯ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿಡುತ್ತಾರೆ. ಮೊನ್ನೆ ನಾನು ತವರಿಗೆ ಹೋದಾಗ ಅವರು ಅದೇ ಕ್ಯಾಲೆಂಡರಿನ ಮುಂದೆ ನಿಂತು, ಪಕ್ಕದ ಮನೆಯವರ ಪಿಕಪ್ ಅಡಿಕೆ ಹೇರಿಕೊಂಡು ಸುಳ್ಯದ ಮಂಡಿಗೆ ಯಾವ ದಿನ ಹೋಗುತ್ತದೆಂದು ಅಣ್ಣನನ್ನು ಕೇಳುತ್ತಿದ್ದರು. ಹಾಗಾದರೆ ಸುಳ್ಯದವರೆಗೂ ಅದರಲ್ಲೇ ಹೋಗಬಹುದಲ್ಲ ಎಂದು ಅಣ್ಣ ಹೇಳಿದಾಗ ಅವ್ವ ಒಪ್ಪಲಿಲ್ಲ. ಪಿಕಪ್ ಹೆದ್ದಾರಿಯ ತನಕ ಸಾಕು, ಅಲ್ಲಿಂದ ಮುಂದೆ ತಮ್ಮ ಬಸ್ಸಿದೆ ಎಂದರು.